ಸುನಂದಕ್ಕನಿಗೆ ಒಗ್ಗದ ಮಾತ್ರೆಗಳು

ಹುಬ್ಬು ತಿದ್ದಲು ಸುನಂದಕ್ಕ ದಾರ ಹಿಡಿದರೆ, ಕಣ್ಣಲ್ಲಿ ನೀರು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಚನ್ನರಾಯಪಟ್ಟಣದ ಬ್ಯೂಟಿ ಪಾರ್ಲರುಗಳಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಅವಳು ನನ್ನ ದೊಡ್ಡಮ್ಮನ ಮಗಳು. ಕಾಲೇಜು ಓದುವಾಗ ನಾನು ಇದ್ದದ್ದು ಅವಳ ಮನೆಯಲ್ಲೇ.

ಬೆಳಿಗ್ಗೆ ನನ್ನ ತಲೆ ಬಾಚುತ್ತಾ, "ನೀನಿಲ್ದಿದ್ರೆ ನಾನು ಸತ್ತೋಯ್ತೀನಿ ಕಣೇ" ಎನ್ನುತ್ತಿದ್ದಳು. ಸಂಜೆ ಬಸ್ಸು ತಪ್ಪಿ ತಡವಾದರೆ, "ನೀನೂ ಬುಟ್ಟೋಗೋಳೇ. ಓಗು, ಈಗ್ಲೇ ಓಗು!" ಎಂದು ನನ್ನ ಬಟ್ಟೆಯನ್ನೆಲ್ಲ ಬೀದಿಗೆ ಎಸೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಎಲ್ಲವನ್ನೂ ಆಯ್ದು ತಂದು, ನನ್ನನ್ನು ತಬ್ಬಿಕೊಂಡು ಅಳುತ್ತಿದ್ದಳು. ಅವಳ ಗಂಡ ತಡೆಯುವಷ್ಟು ತಡೆದು, ಕೊನೆಗೆ ಅರಕಲಗೂಡಿನ ತನ್ನ ಮನೆಗೆ ಹೋದವನು ತಿರುಗಿ ಬರಲಿಲ್ಲ. ಅವನು ಹೋದ ದಿನವೇ ಅವಳು ತನಗೆ ತಾನೇ ಗಾಯ ಮಾಡಿಕೊಂಡಳು.

ಹಾಸನದ ಮನೋವೈದ್ಯರು ಮುಚ್ಚಿಡಲಿಲ್ಲ. "ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂತಾರಮ್ಮ. ಇದನ್ನೇ ವಾಸಿ ಮಾಡೋ ಮಾತ್ರೆ ಇಲ್ಲ. ಸಿಟ್ಟು, ಸಂಕಟ ಸ್ವಲ್ಪ ತಗ್ಗಿಸಬಹುದು, ಅಷ್ಟೆ. ಪಳಗಿದವರ ಹತ್ರ ವಾರವಾರ ಕೂತು ಮಾತಾಡೋದೇ ನಿಜವಾದ ಚಿಕಿತ್ಸೆ."

"ಅಂಥೋರು ಎಲ್ಲವ್ರೆ ಸಾ?" ಜೊತೆಗೆ ಬಂದಿದ್ದ ದೊಡ್ಡಮ್ಮ ಕೇಳಿದರು.

"ಬೆಂಗಳೂರಲ್ಲಿ."

ಕೆಲವು ವಾರ ಹೋಗಿಬಂದೆವು. ಅವಳ ಪಾರ್ಲರು ಮುಚ್ಚಿ ಅಷ್ಟು ದೂರ ಓಡಾಡುವುದು ಆಗಲಿಲ್ಲ. ಉಳಿದದ್ದು ಮಾತ್ರೆ. ದುಃಖಕ್ಕೆ ಕೊಟ್ಟದ್ದು ಏನೂ ಮಾಡಲಿಲ್ಲ. ಸಿಟ್ಟಿಗೆ ಕೊಟ್ಟದ್ದು ತಿಂದು ಹಗಲೆಲ್ಲ ತೂಕಡಿಸಿದಳು, ಮೈ ಊದಿತು. ಮನಸ್ಸು ಹೊಯ್ದಾಡದಿರಲೆಂದು ಕೊಟ್ಟ ಮೂರನೆಯದರಿಂದ ಮನೆಯೇನೋ ಶಾಂತವಾಯಿತು. ಆದರೆ ಅವಳ ಬೆರಳು ನಡುಗತೊಡಗಿದವು.

ಒಂದು ದಿನ ಮದುವೆ ಹುಡುಗಿಯೊಬ್ಬಳ ಅರ್ಧ ಹುಬ್ಬೇ ಹಾರಿಹೋಯಿತು. ಹುಡುಗಿ ಕಿರುಚಿಕೊಂಡಳು. ಸುನಂದಕ್ಕ ಸುಮ್ಮನೆ ಸ್ಟೂಲಿನ ಮೇಲೆ ಕುಳಿತಳು. "ಮೊದ್ಲಾಗಿದ್ರೆ ನಾನೇ ಕಿರುಚ್ತಿದ್ದೆ ಕಣೇ," ಎಂದಳು ನನಗೆ. ಯಾರಿಗೂ ಹೇಳದೆ ಆ ಮಾತ್ರೆ ಬಿಟ್ಟಳು. ಹಳೆಯ ಬಿರುಗಾಳಿ ಮತ್ತೆ ಎದ್ದಿತು, ತೋಳಿನ ಮೇಲೆ ಹೊಸ ಗಾಯಗಳಾದವು. ಡಾಕ್ಟರು ಬೈದು, ಪ್ರಮಾಣ ಬದಲಿಸಿ ಮತ್ತೆ ಶುರುಮಾಡಿದರು. ಅಷ್ಟರಲ್ಲಿ ಗಿರಾಕಿಗಳು ಚದುರಿದ್ದರು. ಪಾರ್ಲರು ಮುಚ್ಚಿತು. ದೊಡ್ಡಮ್ಮ ಅವಳನ್ನು ತಮ್ಮೂರು ಬಾಗೂರಿಗೆ ಕರೆದುಕೊಂಡು ಹೋಗಿ, ದಿನವೂ ತಾವೇ ಮಾತ್ರೆ ನುಂಗಿಸತೊಡಗಿದರು.

ಮದುವೆಯಾಗಿ ನಾನೀಗ ಹೊಳೆನರಸೀಪುರದಲ್ಲಿದ್ದೇನೆ. ಬಾಣಂತನ ಮುಗಿಸಿ, ಕಳೆದ ತಿಂಗಳು ಮಗುವನ್ನೆತ್ತಿಕೊಂಡು ಬಾಗೂರಿಗೆ ಹೋದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಸುನಂದಕ್ಕ ಜಗಲಿಯಲ್ಲಿ ಕುಳಿತಿದ್ದಳು.

"ಬಂದ್ಯಾ? ಕೂತ್ಕೊ."

ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದೆ. ಅದರ ಮುಖವನ್ನೇ ನೋಡುತ್ತಿದ್ದಳು.

"ಇಷ್ಟು ದಿನ ಬರ್ಲಿಲ್ಲ ಅಂತ ಬೈಯಲ್ವಾ ಅಕ್ಕ?"

"ನೀನು ಬರ್ಲಿಲ್ಲ ಅನ್ನೋದೇ ಗೊತ್ತಾಗ್ಲಿಲ್ಲ ಕಣೇ."

ಹೊರಟಾಗ ಬೀದಿಯ ತಿರುವಿನಲ್ಲಿ ನಿಂತು ನೋಡಿದೆ. ದೊಡ್ಡಮ್ಮ ಒಬ್ಬರೇ ಕೈಬೀಸುತ್ತಿದ್ದರು.