ತಾತ ಬಚ್ಚಿಟ್ಟ ರೂಪಾಯಿಗಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಿಂದ ಒಂದು ಮುರುಕು ಮೊರವನ್ನೂ ಆಚೆಗೆ ಎಸೆಯುವಂತಿರಲಿಲ್ಲ. ತಳ ತೂತಾದ ಕೊಡ, ಕಡ್ಡಿ ಮುರಿದ ಛತ್ರಿ, ಗಾಜಿಲ್ಲದ ಲಾಟೀನು, ಇಲಿ ಕಡಿದ ದಿಂಬು ಎಲ್ಲವೂ ಅಟ್ಟದ ಮೇಲೆ ಗುಡ್ಡೆ ಬಿದ್ದಿರುತ್ತಿದ್ದವು. ಒಂದು ಹಪ್ಪಳದ ಡಬ್ಬ ಇಡಲು ಜಾಗ ಸಿಗದೆ ಅವ್ವ ದಿನವೂ ಗೊಣಗುತ್ತಿದ್ದಳು. ಏನನ್ನಾದರೂ ತಿಪ್ಪೆಗೆ ಹಾಕೋಣವೆಂದು ಎತ್ತಿಕೊಂಡರೆ ಸಾಕು, ಮನೆಮಂದಿಯೆಲ್ಲ ಸೇರಿ ಅದನ್ನು ಅಲುಗಾಡಿಸಿ, ಬಡಿದು, ಹೊಲಿಗೆ ಬಿಚ್ಚಿ ನೋಡಬೇಕು. ಅಷ್ಟು ಹೊತ್ತಿಗೆ ಒಂದು ಕಸವಿದ್ದದ್ದು ಹತ್ತು ಕಸವಾಗಿರುತ್ತಿತ್ತು. ಇದಕ್ಕೆಲ್ಲ ಕಾರಣ ನಮ್ಮ ತಾತ. ಅದೂ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ ತಾತ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರ ಮನೆ. ತಾತನ ಕಾಲದಲ್ಲಿ ನಮ್ಮೂರು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಕೂಲಿಯಾಗಿ ಬರುತ್ತಿದ್ದದ್ದು ರಾಜನ ತಲೆಯಿದ್ದ ಬೆಳ್ಳಿ ರೂಪಾಯಿ. ತಾತ ಅದನ್ನು ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲವಂತೆ. ಕೈಗೆ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ತುರುಕಿಬಿಡುತ್ತಿದ್ದ. ಎಲ್ಲೆಲ್ಲಿ ಇಟ್ಟಿದ್ದೇನೆಂದು ಯಾರಿಗೂ ಹೇಳದೆ ಒಂದು ದಿನ ಕಣ್ಣು ಮುಚ್ಚಿಬಿಟ್ಟ. ನಯಾಪೈಸೆ ಬಂದು ಆಣೆಯ ಲೆಕ್ಕವೇ ಹೋದ ಮೇಲೂ ಅವನ ರೂಪಾಯಿಗಳು ಮಾತ್ರ ಮನೆಯ ಮೂಲೆಮೂಲೆಯಿಂದ ಎದ್ದು ಬರುತ್ತಲೇ ಇದ್ದವು.

ಛತ್ರಿಯ ಹಿಡಿಯೊಳಗೆ ಒಂದು ಸಿಕ್ಕಿತ್ತು. ಹಳೆಯ ಕೋಟಿನ ಕತ್ತುಪಟ್ಟಿಯಲ್ಲಿ ಒಂದು. ಹುಣಸೆಹಣ್ಣಿನ ಗಡಿಗೆಯ ತಳದಲ್ಲಿ ಸಿಕ್ಕಿದ್ದು ಹುಳಿಗೆ ತೊಳೆದು ಫಳಫಳ ಹೊಳೆಯುತ್ತಿತ್ತು. ಬಾಗಿಲ ಚಿಲಕ ಅಲುಗುತ್ತದೆಂದು ಆಚಾರಿಯನ್ನು ಕರೆಸಿದರೆ ಅದರ ಹಿಂದೆಯೂ ಒಂದು. ಒಮ್ಮೆ ನಾನು ದೀಪದ ಗೂಡು ಸಾರಿಸುವಾಗ ಸುಣ್ಣದ ಹೆಕ್ಕಳೆಯ ಜೊತೆ ಕಪ್ಪಗಿನ ಬಿಲ್ಲೆಯೊಂದು ನನ್ನ ಅಂಗೈಗೆ ಬಿತ್ತು. ಚಪ್ಪಡಿಯ ಮೇಲೆ ಹಾಕಿದರೆ ಠಣ್ಣೆಂದಿತು.

ದುಡ್ಡು ಸಿಕ್ಕರೆ ಯಾರಾದರೂ ಹಿಗ್ಗುತ್ತಾರೆ. ನಮ್ಮ ಅಜ್ಜಿ ಮಾತ್ರ ಸಿಡುಕುತ್ತಿದ್ದಳು. ಪ್ರತಿಸಲ ಒಂದು ರೂಪಾಯಿ ಸಿಕ್ಕಾಗಲೂ ಗೋಡೆಗೆ ತೂಗುಹಾಕಿದ್ದ ತಾತನ ರುಮಾಲಿನ ಕಡೆ ತಿರುಗಿ, "ಈ ಮನ್ಸ ಸತ್ಮೇಲೂ ನನ್ನ ಸುಮ್ಕಿರಾಕೆ ಬುಡ್ನಿಲ್ಲ ಕಣವ್ವ" ಎನ್ನುತ್ತಿದ್ದಳು. ಸಿಕ್ಕಿದ್ದನ್ನು ಸೆರಗಿಗೆ ಕಟ್ಟಿಕೊಂಡು ಹಿತ್ತಲಿಗೆ ಹೋಗಿ ಕೂತುಬಿಡುತ್ತಿದ್ದಳು. ಯಾಕೆ ಬೈಯುತ್ತಾಳೆಂದು ನಮಗೆ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. ಅವನ ಕಣ್ಣಿಗೆ ತಾತನೆಂದರೆ ಎಲೆಅಡಿಕೆಯನ್ನೂ ಮುಟ್ಟದೆ ಮಕ್ಕಳಿಗಾಗಿ ಒಂದೊಂದೇ ರೂಪಾಯಿ ಕೂಡಿಟ್ಟ ದೊಡ್ಡ ಮನುಷ್ಯ.

ಆ ವರ್ಷ ಬೇಸಿಗೆಯಲ್ಲಿ ಅಕ್ಕನಿಗೆ ಯಳಂದೂರಿನ ಕಡೆ ಸಂಬಂಧ ಗೊತ್ತಾಗಿತ್ತು. ಅಪ್ಪ ಬದುಕಿಡೀ ಬೇರೆಯವರ ರೇಷ್ಮೆಯಲ್ಲಿ ಬೇರೆಯವರ ಮಕ್ಕಳಿಗೆ ಧಾರೆ ಸೀರೆ ನೇಯ್ದವನು. ಈ ಸಲ ತಾನೇ ನೂಲು ಕೊಂಡು ಅಕ್ಕನಿಗೆಂದು ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿದ್ದ. ಗಿಳಿಹಸಿರಿನ ಒಡಲು, ಕುಂಕುಮದ ಬಣ್ಣದ ಅಂಚು, ಅಂಚಿನಲ್ಲಿ ಸಣ್ಣ ಜರಿ. ನಮ್ಮದು ಗುಂಡಿ ಮಗ್ಗ. ನಡುಮನೆಯ ನೆಲದಲ್ಲೇ ಗುಂಡಿ ತೋಡಿರುತ್ತಾರೆ. ನೇಯುವವನು ಅದರ ದಡದಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು ಹಲಗೆಗಳನ್ನು ತುಳಿಯುತ್ತಾನೆ. ಅಕ್ಕ ದಿನಕ್ಕೆ ಹತ್ತು ಸಲ ಏನೋ ನೆಪ ಮಾಡಿಕೊಂಡು ಆ ಕಡೆ ಬಂದು ಸೀರೆ ಎಷ್ಟು ಬೆಳೆಯಿತೆಂದು ನೋಡಿ ಹೋಗುತ್ತಿದ್ದಳು.

ಆ ದಿನ ಬೆಳಗಿನ ಬಸ್ಸಿಗೆ ಹನೂರಿನಿಂದ ಚಿಕ್ಕಪ್ಪ ಬಂದಿದ್ದ. ಅವನು ಮಗ್ಗ ಬಿಟ್ಟು ಬಹಳ ವರ್ಷವಾಗಿತ್ತು. ಹನೂರಿನ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದ. ಮದುವೆಗೆಂದು ಅರ್ಧ ಮೂಟೆ ತೊಗರಿಬೇಳೆ ಹೊತ್ತು ತಂದು, ಜಗುಲಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ನಾನು ಮಗ್ಗದ ಪಕ್ಕದಲ್ಲೇ ರಾಟೆ ತಿರುಗಿಸುತ್ತಾ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅಪ್ಪ ಅಂಬಲಿ ಕುಡಿಯಲು ಏಳುವಾಗ ಗುಂಡಿಯ ದಡದ ಮೇಲೆ ಕೈ ಊರಿದ. ಹೆಂಟೆಯಷ್ಟು ಮಣ್ಣು ಕಳಚಿ ಒಳಗೆ ಬಿತ್ತು. ಅದರ ಹಿಂದೆಯೇ ತುಳಿಯುವ ಹಲಗೆಯ ಮೇಲೆ ಠಣ್ಣೆಂಬ ಸದ್ದು.

ಆ ಸದ್ದು ನಮ್ಮ ಮನೆಯವರಿಗೆ ನಿದ್ದೆಯಲ್ಲೂ ಗೊತ್ತು. ಚಿಕ್ಕಪ್ಪ ಜಗುಲಿಯಿಂದ ಒಂದೇ ಹೆಜ್ಜೆಗೆ ಒಳಗೆ ಬಂದ. ರೂಪಾಯಿಯನ್ನು ಪಂಚೆಗೆ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದ.

"ಅಣ್ಣ, ಅಪ್ಪ ಇಲ್ಲೇ ಮಡಗವ್ನೆ ಕಣ. ಬದ್ಕಿರಗಂಟ ಇದೇ ಗುಂಡೀಲಿ ಕುಂತಿದ್ದೋನು. ಗಂಟು ಇನ್ನೆಲ್ಲಿ ಉಗೀತಾನೆ?"

"ಸೀರೆ ಮುಗ್ಸಿ ಕುಯ್ದು ಇಳುಸ್ತೀನಿ. ಆಮ್ಯಾಕೆ ಅಗುದ್ರಾಯ್ತು" ಎಂದ ಅಪ್ಪ.

"ಅಷ್ಟೊತ್ಗೆ ಬೀದಿಗೆಲ್ಲ ಗೊತ್ತಾಯ್ತದೆ. ದಡ ಒಂದೇ ಕೆರುದ್ ನೋಡ್ತೀನಿ. ನಿನ್ನ ಹಾಸು ಮುಟ್ಟಲ್ಲ."

ಅಪ್ಪ ಅವ್ವನ ಮುಖ ನೋಡಿದ. ಅವಳು ಬೇಡವೆನ್ನುತ್ತಾಳೆ ಎಂದುಕೊಂಡಿದ್ದನೇನೋ. ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಅಗುದ್ಬುಡಿ ಅತ್ಲಾಗೆ. ಎಲ್ಲಾ ಒಂದೇ ದಪ ಆಚಿಕ್ ಬಂದ್ಬುಟ್ರೆ ನಾನು ಅಟ್ಟನಾರೂವೆ ಗುಡಿಸ್ಕತೀನಿ" ಎಂದಳು. ವರ್ಷಗಟ್ಟಲೆ ನುಂಗಿಕೊಂಡಿದ್ದ ಸಿಟ್ಟೆಲ್ಲ ಆ ಮಾತಿನಲ್ಲಿತ್ತು.

ಚಿಕ್ಕಪ್ಪ ಹಿತ್ತಲ ಬಾಗಿಲಿನ ಹಿಂದಿದ್ದ ಹಾರೆ ತಂದ. ಹಾಸು ಇಲ್ಲದ ಕಡೆಯಿಂದಲೇ ಮೆಲ್ಲಗೆ ಕೆದಕಲು ಶುರುಮಾಡಿದ. ಮಣ್ಣಿನ ಹಳೆಯ ವಾಸನೆ ಮನೆಯೆಲ್ಲ ಹರಡಿತು. ಪಕ್ಕದ ಮನೆಯವರು ಆಗಲೇ ಬಾಗಿಲಲ್ಲಿ ಇಣುಕುತ್ತಿದ್ದರು. ಏನೂ ಸಿಗದಾದಾಗ ಅವನ ಕೈ ಜೋರಾಯಿತು. ಆಮೇಲೆ ಮಣ್ಣಿನೊಳಗೆ ಒಂದು ಹರಕು ಬಟ್ಟೆಯ ತುದಿ ಕಂಡಿತು. ಅದೇ ಗಂಟೆಂದು ತಿಳಿದು ಹಾರೆಯನ್ನು ಆಳಕ್ಕೆ ಹಾಕಿ ಮೀಟಿದ. ಅದು ಇಲಿಬಿಲಕ್ಕೆ ಯಾರೋ ತುರುಕಿದ್ದ ಚಿಂದಿ. ಆದರೆ ಮೀಟಿದ ಹೊಡೆತಕ್ಕೆ ದಡ ಕುಸಿದು, ನೇಯ್ದ ಸೀರೆ ಸುತ್ತಿಕೊಂಡಿದ್ದ ದಿಂಡಿನ ಗೂಟ ಒಂದು ಕಡೆ ವಾಲಿತು. ಬಿಗಿಯಾಗಿದ್ದ ಹಾಸು ಒಂದು ಪಕ್ಕ ಜೋಲಿ ಬಿತ್ತು. ಇನ್ನೊಂದು ಪಕ್ಕ ಪಟಪಟನೆ ಎಳೆಗಳು ಹರಿದವು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಅಪ್ಪ ಓಡಿಹೋಗಿ ಎರಡೂ ಕೈಯಿಂದ ಗೂಟವನ್ನು ತಬ್ಬಿ ಹಿಡಿದುಕೊಂಡ. "ನಿಲ್ಸ್ಲಾ" ಎಂದ, ಅಷ್ಟೇ. ಚಿಕ್ಕಪ್ಪನ ಕಿವಿಗೆ ಅದು ಬಿದ್ದಂತೆಯೇ ಕಾಣಲಿಲ್ಲ. ಮತ್ತೆ ಹಾರೆ ಎತ್ತಿದ.

ಅಷ್ಟರಲ್ಲಿ ಹಿತ್ತಲಲ್ಲಿ ಹುಣಸೆಹಣ್ಣು ಒಣಗಹಾಕುತ್ತಿದ್ದ ಅಜ್ಜಿ ಒಳಗೆ ಬಂದಳು. ಒಂದು ಸಲ ಎಲ್ಲವನ್ನೂ ನೋಡಿದಳು. ಸೀರೆ ಮೇಲೆತ್ತಿ ಕಟ್ಟಿಕೊಂಡು, ದಡ ಹಿಡಿದು, ಆ ವಯಸ್ಸಿನಲ್ಲಿ ಗುಂಡಿಗೆ ಇಳಿದು ಹಲಗೆಗಳ ಮೇಲೆ ಕೂತುಬಿಟ್ಟಳು. ಅವಳ ತಲೆ ಮಾತ್ರ ನಮಗೆ ಕಾಣುತ್ತಿತ್ತು.

"ಅಗೀಲಾ ಈಗ. ನನ್ನೂ ಸೇರ್ಸಿ ಅಗಿ" ಎಂದಳು.

"ಅವ್ವ, ಮ್ಯಾಕೆ ಬಾ. ಅಪ್ಪನ ಗಂಟು ಇಲ್ಲೇ ಅದೆ" ಎಂದ ಚಿಕ್ಕಪ್ಪ.

"ಯಾವ ಗಂಟ್ಲಾ? ಇಷ್ಟು ವರ್ಸದಲ್ಲಿ ಒಂದೇ ತಾವ ಎರಡು ರೂಪಾಯಿ ಸಿಕ್ಕದ್ದುಂಟಾ? ಆ ಮನ್ಸ ಗಂಟು ಕಟ್ಟೋನಲ್ಲ. ಇಸ್ಪೀಟಾಡೋನು."

ಅಜ್ಜಿ ಯಾರ ಕಡೆಗೂ ನೋಡದೆ ಎದುರಿನ ಮಣ್ಣಿನ ಗೋಡೆಗೆ ಹೇಳಿದಂತೆ ಹೇಳಿದಳು.

"ನೀವಾಗ ಇನ್ನೂ ಕೂಸುಗೋಳು. ಕೆರೆ ಅತ್ರ ಮಾವಿನ ತೋಪಲ್ಲಿ ಆಡೋರು. ನನ್ನ ಕಾಲ್ಕಡಗ ಅಲ್ಲೇ ಓದ್ವು. ಅವತ್ತು ಮನೆಗ್ ಬಂದು ಮೂಲೇಲಿ ಕುಂತಿದ್ದ, ಉಣ್ನಿಲ್ಲ. ಆಟ ಬುಡಾಕೆ ಅವ್ನ ಕೈಲಿ ಆಗ್ನಿಲ್ಲ. ಅದ್ಕೇ ಕೂಲಿ ಬಂದ ತಕ್ಷಣ ಕಣ್ ಮುಚ್ಕಂಡು ಎಲ್ಲಾದ್ರೂ ತುರುಕ್ಬುಡೋನು. ನಿಮ್ಗೆ ಬಚ್ಚಿಟ್ಟದ್ದಲ್ಲ ಕಣ್ರಲಾ. ಅವ್ನು ಅವ್ನಿಗೇ ಬಚ್ಚಿಟ್ಕಂಡದ್ದು. ಮನಸು ಎಳ್ದಾಗ ಮನೆಯೆಲ್ಲ ಕಿತ್ತಾಕಿ ಹುಡುಕೋನು. ಗಡಿಗೆ ಒಡೆಯೋನು, ದಿಂಬು ಹರಿಯೋನು. ಸಿಕ್ರೆ ಓಯ್ತಿದ್ದ. ಸಿಕ್ದೇ ಇದ್ರೆ ಮಗ್ಗದ ಮುಂದೆ ಕುಂತು ನೇಯೋನು."

ಆಮೇಲೆ ತಲೆಯೆತ್ತಿ ಚಿಕ್ಕಪ್ಪನನ್ನು ನೋಡಿದಳು.

"ನಿನ್ ಕಣ್ಣು ನೋಡ್ಕಳಾ. ಅದೇ ಕಣ್ಣು. ಅದನ್ನ ಈ ಮನೇಲಿ ಇನ್ನೊಂದ್ ದಪ ನೋಡ್ಬಾರ್ದು ಅಂತ್ಲೇ ನಾನು ಬಾಯ್ ಮುಚ್ಕಂಡಿದ್ದದ್ದು."

ಚಿಕ್ಕಪ್ಪ ಹಾರೆಯನ್ನು ನೆಲಕ್ಕಿಟ್ಟ. ಎಸೆಯಲಿಲ್ಲ, ಮಲಗಿಸಿದ. ಅಪ್ಪ ಗೂಟವನ್ನು ತಬ್ಬಿಕೊಂಡೇ ಗೋಡೆಯ ಮೇಲಿನ ರುಮಾಲು ನೋಡುತ್ತಿದ್ದ. ಅವನ ಮುಖ ನೋಡಲಾರದೆ ನಾನು ರಾಟೆಯ ಕಡೆ ತಿರುಗಿದೆ. ನೆರೆಯವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಆಮೇಲೆ ಅಜ್ಜಿಯೇ, "ನನ್ನ ಎತ್ರಲಾ. ಇಳ್ಯಾಕೆ ಬಂತು, ಅತ್ತಾಕೆ ಬರಲ್ಲ" ಎಂದಳು. ಅಪ್ಪ ಗೂಟವನ್ನು ಅವ್ವನ ಕೈಗೆ ಒಪ್ಪಿಸಿದ. ಅಜ್ಜಿಯ ಇಬ್ಬರು ಮಕ್ಕಳೂ ಒಂದೊಂದು ರಟ್ಟೆ ಹಿಡಿದು ಎತ್ತಿದರು. ಕೈ ನೋಯುತ್ತದೆ, ಮೆತ್ತಗೆ ಹಿಡಿಯಲು ಬರುವುದಿಲ್ಲವೇ ಎಂದು ಅದಕ್ಕೂ ಬೈಸಿಕೊಂಡರು.

ಚಿಕ್ಕಪ್ಪ ಆ ದಿನ ಹನೂರಿಗೆ ಹೋಗಲಿಲ್ಲ. ಮಣ್ಣು ಕಲಸಿ ದಡ ಕಟ್ಟಿದ, ಗೂಟದ ಬುಡಕ್ಕೆ ಕಲ್ಲು ಜಡಿದ. ಅಪ್ಪ ಒಂದು ಪಕ್ಕ, ಅವನು ಇನ್ನೊಂದು ಪಕ್ಕ ಕೂತು ಹರಿದ ಎಳೆಗಳನ್ನು ಹೊಂದಿಸತೊಡಗಿದರು. ಅಕ್ಕ ತೆಂಗಿನ ಚಿಪ್ಪಿನಲ್ಲಿ ಒಲೆಯ ಬೂದಿ ತಂದಿಟ್ಟಳು. ಬೆರಳ ತುದಿಗೆ ಬೂದಿ ಹಚ್ಚಿ ರೇಷ್ಮೆಯನ್ನು ಹೊಸೆದರೆ ಎಳೆ ಜಾರುವುದಿಲ್ಲ. ಮಗ್ಗ ಬಿಟ್ಟು ಅಷ್ಟು ವರ್ಷವಾಗಿದ್ದರೂ ಚಿಕ್ಕಪ್ಪನ ಬೆರಳಿಗೆ ಅದು ಮರೆತಿರಲಿಲ್ಲ. ಅವನು ತಲೆಯೆತ್ತದೆ, "ನೀನು ಧಾರೆಗೆ ಇದ್ನೇ ಉಟ್ಕತೀಯ, ಮಗ?" ಎಂದು ಕೇಳಿದ. ಅಕ್ಕ, "ಇನ್ನೇನುಟ್ಕಳ್ಳಿ?" ಎಂದಳು. ಅವಳ ದನಿಯಲ್ಲಿ ಇನ್ನೂ ಸಿಟ್ಟಿತ್ತು. ಆದರೂ ಬೂದಿಯ ಚಿಪ್ಪನ್ನು ಅವನ ಹತ್ತಿರಕ್ಕೇ ಸರಿಸಿದಳು.

ಸೀರೆ ಮುಗಿಯಿತು. ಒಡಲಿನ ನಡುವೆ ಒಂದು ಕಡೆ ಅಡ್ಡಗೆರೆಯಂತೆ ಬಿಗಿ ಹೆಚ್ಚುಕಡಿಮೆಯಾಗಿತ್ತು. ನೇಯುವವರ ಕಣ್ಣಿಗಷ್ಟೇ ಕಾಣುವಂಥದ್ದು. ನಮ್ಮ ಬೀದಿಯಲ್ಲಿ ಎಲ್ಲರೂ ನೇಯುವವರೇ ಆದ್ದರಿಂದ ಎಲ್ಲರಿಗೂ ಕಂಡಿತು. ಯಾರೂ ಆಡಿಕೊಳ್ಳಲಿಲ್ಲ. ಗುಂಡಿಯಲ್ಲಿ ಸಿಕ್ಕ ರೂಪಾಯಿಯನ್ನು ಅಜ್ಜಿ ಅಕ್ಕಸಾಲಿಗೆ ಕೊಟ್ಟು ಅಕ್ಕನಿಗೆ ಕಾಲುಂಗುರ ಮಾಡಿಸಿದಳು.

ಮದುವೆಗೆ ಮೊದಲು ಅವ್ವ ಅಟ್ಟ ಗುಡಿಸಿದಳು. ಛತ್ರಿ, ಲಾಟೀನು, ದಿಂಬು ಎಲ್ಲವೂ ತಿಪ್ಪೆಗೆ ಹೋದವು. ಅಪ್ಪ ಯಾವುದನ್ನೂ ಅಲುಗಾಡಿಸಿ ನೋಡಲಿಲ್ಲ. ಜಗುಲಿಯಲ್ಲಿ ಕೂತು ನೋಡುತ್ತಿದ್ದವನು ಅಜ್ಜಿಯನ್ನು ಒಂದೇ ಮಾತು ಕೇಳಿದ: "ಅವ್ವ, ಕೊನೇಗಂಟ್ಲೂ ಆಡ್ತಿದ್ನಾ?"

ಅಜ್ಜಿ ಅಡಿಕೆ ಕತ್ತರಿಸುತ್ತಾ, "ಇಲ್ಲ ಕಣ್ಲಾ. ಕೊನೆಕೊನೆಗೆ ಹುಡುಕಾದು ಬುಟ್ಬುಟ್ಟಿದ್ದ. ಮಡಗಾದು ಮಾತ್ರ ಬುಡ್ನಿಲ್ಲ" ಎಂದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಸಿಡುಕು ಇರಲಿಲ್ಲ. ತಾತನ ಬಗ್ಗೆ ಅವಳು ಸಿಡುಕದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗಿನ ಕಾಲದ ನಿಮ್ಮ ಮನೆಗಳನ್ನು ನೋಡುತ್ತೇನೆ. ಹಳೆಯದೆಲ್ಲ ಒಂದೇ ಭಾನುವಾರದಲ್ಲಿ ಚೀಲಕ್ಕೆ ಬಿದ್ದು, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಗೆ ಹೋಗುತ್ತದೆ. ಗೋಡೆಯಲ್ಲಿ ಸಂದಿಲ್ಲ, ಬಾಗಿಲಿಗೆ ಅಂಥ ಚಿಲಕವಿಲ್ಲ. ದುಡ್ಡು ಫೋನಿನೊಳಗಿದೆ. ಒಂದು ರೂಪಾಯಿ ಹೋದರೂ ಅದು ಕುಯ್ಯೆಂದು ಹೇಳುತ್ತದೆ. ಅಂಥ ಮನೆಯಲ್ಲಿ ನಮ್ಮ ತಾತ ಏನು ಮಾಡುತ್ತಿದ್ದನೋ.

ಹಾಗಂತ ನಿಮ್ಮ ಮನಸ್ಸು ನಮ್ಮದಕ್ಕಿಂತ ಗಟ್ಟಿ ಅಂದುಕೊಳ್ಳಬೇಡಿ. ಕೊನೆಯ ಪರೀಕ್ಷೆಯ ಹಿಂದಿನ ದಿನ ನಮ್ಮ ಮೊಮ್ಮಗ ತನ್ನ ಫೋನನ್ನು ನನ್ನ ಕೈಗೆ ತುರುಕಿ, "ಅಜ್ಜಿ, ಎಲ್ಲಾದರೂ ಇಟ್ಬಿಡು. ನಾನೇ ಬಂದು ಕೇಳಿದ್ರೂ ಹೇಳ್ಬೇಡ" ಎಂದ. ಇಟ್ಟೆ. ಸಂಜೆಗೆ ಬಂದು ಕೇಳಿದ. ಹೇಳಲಿಲ್ಲ. ಅತ್ತ, ಕಾಲು ಅಪ್ಪಳಿಸಿದ. ಆಗಲೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಎಲ್ಲಿಟ್ಟೆನೆಂದು ನನಗೇ ನೆನಪಿರಲಿಲ್ಲ. ಮಾರನೆಯ ದಿನ ಪರೀಕ್ಷೆ ಮುಗಿದ ಮೇಲೆ ಮನೆಯವರೆಲ್ಲ ಹಾಸಿಗೆ ಕೊಡವಿ, ಬೀರು ಬಗೆದು, ನನ್ನನ್ನು ಬೈಯಲೂ ಆಗದೆ ಬಿಡಲೂ ಆಗದೆ ಸುಸ್ತಾದರು. ಕೊನೆಗೆ ಸೊಸೆ ತನ್ನ ಫೋನಿನಿಂದ ಅವನ ಫೋನನ್ನು ಕರೆದಳು. ಅಕ್ಕಿಯ ಡಬ್ಬದೊಳಗಿಂದ ಅದು ಓಗೊಟ್ಟಿತು. ನಾವೆಲ್ಲ ನಕ್ಕೆವು.

ತಾತನ ರೂಪಾಯಿಗಳನ್ನು ಹಾಗೆ ಕರೆಯುವಂತಿರಲಿಲ್ಲ. ಆ ಮನೆಯೂ ಈಗ ಇಲ್ಲ. ಅದನ್ನು ಕೆಡವಿದಾಗ ಮಣ್ಣೆಲ್ಲ ಯಾವುದೋ ಹೊಲಕ್ಕೆ ಹೋಯಿತು. ಒಂದೆರಡಾದರೂ ಅದರ ಜೊತೆ ಹೋಗಿರಬೇಕು. ಹೋಗಲಿ ಬಿಡಿ, ಹುಡುಕುವ ಕೆಲಸ ನಮ್ಮ ಮನೆಯವರಿಗೆ ಸಾಕಾಗಿದೆ.