ಮೇಸ್ತ್ರಿ ಜೋಡಿಸದೆ ಬಿಟ್ಟ ಕೊನೆ

ಅವರ ಬಲಗೈ ಹೆಬ್ಬೆರಳು, ತೋರುಬೆರಳು ಸೀಸದ ಕಪ್ಪು ಹಿಡಿದು ಉಗುರಿನ ಅಂಚಿನವರೆಗೂ ಮಿನುಗುತ್ತಿದ್ದವು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ಅದಕ್ಕೇ ಮಧ್ಯಾಹ್ನದ ಮೊಸರನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದರು, ಗೋಡೆಗೆ ಮುಖಮಾಡಿ, ಒಬ್ಬರೇ.

ನಜರ್‌ಬಾದಿನ ಪ್ರೆಸ್ಸೊಂದರಲ್ಲಿ ಅವರು ಸೀಸದ ಅಕ್ಷರಗಳ ಅಚ್ಚುಮೊಳೆಯನ್ನು ಒಂದೊಂದಾಗಿ ಜೋಡಿಸುವ ಮೇಸ್ತ್ರಿ. ನಾನು ಕರಡು ತಿದ್ದುವವನು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಅವರಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ನನಗೆ ಇದ್ದರು, ಆದರೆ ಅಣ್ಣನೊಡನೆ ಜಗಳವಾಡಿ, ಇನ್ನು ಆ ಹೊಸಿಲು ತುಳಿಯುವುದಿಲ್ಲವೆಂದು ಊರು ಬಿಟ್ಟಿದ್ದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಅವ್ವ ಯಾರಿಂದಲೋ ಬರೆಸಿದ ಮೂರು ಕಾಗದಗಳಿಗೂ ಉತ್ತರ ಹಾಕಿರಲಿಲ್ಲ. ಭಾನುವಾರ ಬಂತೆಂದರೆ ಬಾಡಿಗೆ ಕೋಣೆಯಲ್ಲಿ ಹೊತ್ತೇ ಹೋಗದು, ತುಂಬ ಒಂಟಿಯೆನಿಸುತ್ತಿತ್ತು.

ಮೇಸ್ತ್ರಿ ಎಷ್ಟೋ ಕಥೆಗಳನ್ನು ಅಕ್ಷರ ಅಕ್ಷರವಾಗಿ ಕೈಯಲ್ಲಿ ಹಿಡಿದವರು. ಕಥೆ ದಾರಿ ತಪ್ಪಿತೋ, ಅವರ ಕೈ ನಿಂತುಬಿಡುತ್ತಿತ್ತು. ಎಂಥ ದೊಡ್ಡ ಲೇಖಕರದ್ದಾದರೂ ಒಮ್ಮೆ ಉಹೂಂ ಎಂದು ಗೊಣಗಿಯೇ ಮುಂದುವರಿಯುತ್ತಿದ್ದರು.

ಅಲ್ಲೇ ಅಚ್ಚಾಗುತ್ತಿದ್ದ ಮಾಸಪತ್ರಿಕೆಯೊಂದು ನನ್ನ ಮೊದಲ ಕಥೆಯನ್ನು ಒಪ್ಪಿಕೊಂಡಿತು. ಊರು ಬಿಟ್ಟ ಮಗ, ಮೂರು ಕಾಗದ ಬರೆಸಿ ಕಾದಿರುವ ತಾಯಿ. ಕೊನೆಗೆ ಮಗ ಬಸ್ಸು ಹತ್ತಿ ಬಂದು ಅವಳ ಮಡಿಲಲ್ಲಿ ತಲೆಯಿಡುತ್ತಾನೆ. ಬರೆದು ನಾನೇ ಅತ್ತಿದ್ದೆ. ಕರಡು ನೋಡಿದರೆ ಕೊನೆಯ ಪ್ಯಾರಾವೇ ಇಲ್ಲ. ಮೈಯೆಲ್ಲ ಉರಿದು, ನನ್ನ ಕಥೆಗೆ ಕೈಹಾಕಲು ನೀವು ಯಾರೆಂದು ಎಲ್ಲರೆದುರೇ ಕೂಗಾಡಿದೆ.

ಅವರು ಕೈಯಲ್ಲಿದ್ದ ಮೊಳೆಯನ್ನು ಅದರ ಖಾನೆಗೆ ಹಾಕಿ ತಿರುಗಿದರು.

“ಕಥೇಲಿ ಒಬ್ರಿಗೆ ಏನೋ ಬೇಕಾಗ್ತದೆ, ಅದಕ್ಕೊಂದು ಅಡ್ಡಿ ಬರ್ತದೆ. ಆ ಅಡ್ಡೀನ ಎಂಗೆ ದಾಟಿದ್ರೋ, ಅದರಿಂದ್ಲೇ ಕೊನೆ ಹುಟ್ಬೇಕು ಕಣಪ್ಪ. ಮೂರು ಕಾಗದಕ್ಕೂ ಉತ್ತರ ಬರೀದೇ ಇದ್ದೋನು ಇದ್ದಕ್ಕಿದ್ದಂಗೆ ಬಸ್ ಹತ್ಬುಟ್ಟ ಅಂದ್ರೆ, ಯಾಕೆ ಹತ್ತಿದ? ಅವನ ಕೋಪ ಎಲ್ಲಿ ಹೋಯ್ತು? ಅದನ್ನ ಬರ್ಕೊಡು, ಜೋಡಿಸ್ತೀನಿ.”

ಎರಡು ದಿನ ಕೂತೆ. ಒಂದು ಸಾಲೂ ಬರಲಿಲ್ಲ. ಬರುವುದಾದರೂ ಹೇಗೆ? ನನ್ನ ಕೋಪ ಎಲ್ಲಿಗೂ ಹೋಗಿರಲಿಲ್ಲ. ಅಣ್ಣನೆದುರು ತಲೆತಗ್ಗಿಸುವುದಕ್ಕಿಂತ ಅವ್ವ ಕಾಯಲಿ ಎಂದುಕೊಂಡಿದ್ದೆ, ಅಷ್ಟೆ. ಅದು ಹೊಳೆದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೆಯ ದಿನ ಬೆಳಿಗ್ಗೆ ನಾನೇ ಬಸ್ಸು ಹತ್ತಿದೆ. ಅಣ್ಣ ಮಾತಾಡಿಸಲಿಲ್ಲ. ಅವ್ವ ಹಾಸಿಗೆ ಹಿಡಿದಿದ್ದಳು. ಕಾಗದದಲ್ಲಿ ಅದನ್ನು ಬರೆಸಿರಲಿಲ್ಲ. ಹನ್ನೊಂದು ದಿನ ನನ್ನ ಕೈಯಾರೆ ಗಂಜಿ ಕುಡಿಸಿದೆ. ಹನ್ನೆರಡನೆಯ ದಿನ ಹೋಗಿಬಿಟ್ಟಳು.

ಮರಳಿ ಬಂದಾಗ ಮೇಸ್ತ್ರಿ ನನ್ನ ಬೋಳುತಲೆ ನೋಡಿದರು. ಅಂದಿನಿಂದ ಊಟದ ಡಬ್ಬಿಯನ್ನು ನನ್ನ ಮೇಜಿಗೇ ತರತೊಡಗಿದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಹೊರಲು ಪ್ರೆಸ್ಸಿನ ನಾವು ನಾಲ್ವರೇ. ಆ ಕಥೆಯನ್ನು ನಾನು ಮುಗಿಸಲೇ ಇಲ್ಲ. ಬೇರೆ ಎಷ್ಟೋ ಬರೆದೆ. ಆದರೆ ಅವತ್ತು ಅವರ ಕೈ ನಿಲ್ಲದೆ ಹೋಗಿದ್ದರೆ, ನಾನು ಕಥೆಯಲ್ಲೇ ಊರಿಗೆ ಹೋಗಿ ಬಂದು ಸುಮ್ಮನಾಗಿಬಿಡುತ್ತಿದ್ದೆ.