ಸುಣ್ಣದ ಗೆರೆಯೊಳಗಿನ ಎರಡು ಹುಣಸೆಮರ

ನಮ್ಮ ಹಳ್ಳಕ್ಕೆ ಒಡ್ಡು ಕಟ್ಟಲು ಎರಡು ಜಾಗ ನೋಡಿದ್ದರು. ಮೇಲಿನದು ಎರಡು ಬಂಡೆಗಳ ನಡುವೆ. ಗೋಡೆ ಚಿಕ್ಕದು, ಖರ್ಚು ಕಡಿಮೆ. ಆದರೆ ಅಲ್ಲಿ ನೀರು ನಿಂತರೆ ಊರಿನ ಕುರಿಗಳು ಮೇಯಲು ಹುಲ್ಲಿನ ಕಾವಲಿಗೆ ಹೋಗುವ ದಾರಿ ಮುಳುಗುತ್ತದೆ. ಕಾವಲಿಗೆ ಬೇಲಿ ಬಿದ್ದ ಮೇಲೆ ಉಳಿದಿರುವ ನೇರ ದಾರಿ ಅದೊಂದೇ. ಕೆಳಗಿನ ಜಾಗಕ್ಕೆ ಗೋಡೆ ಉದ್ದ ಬೇಕು. ಮುಳುಗುವುದು ನನ್ನ ಹೊಲದ ಒಂದು ಪಾಲು, ಬದುವಿನ ಹುಣಸೆಮರಗಳು. ಆ ಮರಗಳ ಬೀಜ ಬೇಯಿಸಿ ಅರೆದು, ಅದರ ಅಂಟನ್ನೇ ನಾನು ನೇಯುವ ಕಂಬಳಿಯ ನೂಲಿಗೆ ಗಟ್ಟಿಯಾಗಲೆಂದು ಬಳಿಯುವುದು.

ಅಳತೆಗೆ ಬಂದ ತಂಡದಲ್ಲಿ ನನ್ನ ಮೊಮ್ಮಗಳೂ ಇದ್ದಳು. ನಾನು ಮೂರನೇ ಕ್ಲಾಸು ದಾಟಿದವಳಲ್ಲ. ಅವಳು ಬೂಟು ಹಾಕಿಕೊಂಡು, ನೀರು ಎಲ್ಲಿಯವರೆಗೆ ಬರುತ್ತದೆಂದು ನನ್ನ ಹೊಲದಲ್ಲೇ ಸುಣ್ಣದ ಗೆರೆ ಎಳೆಯುತ್ತಿದ್ದರೆ, ಊರನ್ನೆಲ್ಲ ಕರೆದು ತೋರಿಸೋಣ ಅನಿಸಿತು. ಗೆರೆಯೊಳಗೆ ಎರಡು ಮರ ಬಿದ್ದವು, ಹೊರಗೆ ಒಂದು ಉಳಿಯಿತು.

ಊರ ಸಭೆಯಲ್ಲಿ ಕುರಿಯವನೊಬ್ಬ ಅವಳನ್ನು ಕೆಣಕಿದ. "ಮೇಲ್ಗಡೆ ಜಾಗಾನೇ ಚೀಪು ಅಂತ ಬರ್ಕೊಂಡ್ ಬಂದೀಯಲ್ಲವ್ವ, ನಿಮ್ಮಜ್ಜಿ ಹೊಲ ಉಳಿಸಾಕಾ?"

"ಲೆಕ್ಕ ಹಂಗೇ ಬಂದೈತೆ ಮಾವ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಹೊಲ ಉಳಿಯುತ್ತಿತ್ತು. ಆದರೂ ಕೇಳಿದೆ. "ಕುರಿ ಸುತ್ತಿ ಹೋಗೋದು ನಿನ್ನ ಲೆಕ್ಕದಾಗೆ ಐತೇನೆ?"

"ಇಲ್ಲಜ್ಜಿ. ಅದಕ್ಕೆ ಕಾಲಮ್ಮೇ ಇಲ್ಲ."

"ಹಂಗಾರೆ ನಾಳೆ ಸುತ್ತುದಾರ್ಯಾಗೆ ಕುರಿ ಹಿಂದೆ ನಡಿ."

ಜನ ನಕ್ಕರು. "ಬೂಟ್ ಬಿಚ್ಚಿಟ್ ಬಾ ತಾಯಿ, ಕುರಿ ಹೆದರ್ತಾವೆ" ಅಂದ ಕುರಿಯವನು.

ಮರುದಿನ ಅವಳು ನಡೆದಳು. ಕಲ್ಲುಗುಡ್ಡ ಬಳಸಿ ಹೋಗುವ ಆ ದಾರಿಯಲ್ಲಿ ಎರಡು ಗಬ್ಬದ ಕುರಿ ಬಿಸಿಲಿಗೆ ಕುಸಿದು ಕುಳಿತವಂತೆ. ಬಾಟಲಿಯ ನೀರನ್ನು ಬೊಗಸೆಗೆ ಸುರಿದು ಕುಡಿಸಿದಳಂತೆ. ಸಂಜೆ ಬಂದವಳೇ ಜಗಲಿಯಲ್ಲಿ ಕುಳಿತು ಹಾಳೆಯಲ್ಲಿ ತಾನೇ ಒಂದು ಹೊಸ ಕಾಲಮ್ಮು ಎಳೆದಳು. ಯಾವ ತಿಂಗಳು ಕುರಿ ಗಬ್ಬ ಇರುತ್ತವೆ, ಎಷ್ಟು ಹೊತ್ತು ಹೆಚ್ಚು ನಡೆಯಬೇಕು, ಎಲ್ಲ ಬರೆದಳು.

"ಅಜ್ಜಿ, ಇದನ್ನ ಕೊಟ್ರೆ ನಮ್ಮ ಮರ ಹೋಗ್ತಾವೆ."

"ಗೊತ್ತೈತೆ."

"ಬೇಜಾರಿಲ್ವಾ?"

"ಐತೆ. ಕೊಡು."

ಅವಳ ಮೇಲಿನ ಸಾಹೇಬರು ಅದನ್ನು ಎರಡು ಸಲ ಓದಿ ಕೆಳಗಿನ ಜಾಗಕ್ಕೇ ಒಪ್ಪಿದರು. ನನ್ನ ಮರಗಳಿಗೆ ಸೌದೆಯ ಬೆಲೆ ಕಟ್ಟಿದರು. ಅದು ತಪ್ಪು ಅಂತ ಈಗಲೂ ಹೇಳುತ್ತೇನೆ. ಉಳಿದ ಒಂದು ಮರದ ಬೀಜ ನನ್ನ ಕಂಬಳಿಗಳಿಗೆ ಸಾಲುವುದಿಲ್ಲ.

ಈ ವರ್ಷದ ದೊಡ್ಡ ಮಳೆಗೆ ಒಡ್ಡು ತುಂಬಿತು. ಸುಣ್ಣ ಎಂದೋ ತೊಳೆದುಹೋಗಿತ್ತು, ಆದರೆ ಗೆರೆ ಎಲ್ಲಿತ್ತೆಂದು ನನ್ನ ಕಾಲಿಗೆ ಗೊತ್ತು. ನೀರು ಬಂದು ಸರಿಯಾಗಿ ಅಲ್ಲೇ ನಿಂತಿತು, ಒಂದು ಗೇಣೂ ಈಚೆ ಬರಲಿಲ್ಲ. ಎರಡು ಮರ ಸೊಂಟದವರೆಗೆ ಮುಳುಗಿದ್ದವು. ಆಚೆ ದಡದ ಹಳೇ ದಾರಿಯಲ್ಲಿ ಅದೇ ಕುರಿಯವನು ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ಕೂಗಿ ನಿಲ್ಲಿಸಿದೆ.

"ಲೋ, ನೋಡೋ ಇಲ್ಲಿ! ನನ್ನ ಮೊಮ್ಮಗಳು ಎಳೆದ ಗೆರೇನ ನೀರು ದಾಟಿಲ್ಲ ಕಣೋ!"

"ಗೆರೆ ಎಲ್ಲೈತೆ ದೊಡ್ಡವ್ವ, ಬರೀ ನೀರೈತೆ" ಅಂದ.

ಅವನ ಕುರಿಗಳು ನಿಲ್ಲಲಿಲ್ಲ. ದಾರಿ ಹಿಡಿದು ನೆಟ್ಟಗೆ ಕಾವಲಿಗೆ ಹೋದವು.